ನ್ಯಾಯಾಧೀಶೆಯ ಎಡಗಿವಿ

ನನ್ನ ಮಗ ಒಳ್ಳೆಯವನು. ಆದರೆ ಕೇಳದೆ ಉಪಕಾರ ಮಾಡುವ ಚಟ ಅವನಿಗೆ. ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಕಂಪ್ಯೂಟರಿನಲ್ಲಿದ್ದ, ಹಾಡು ಕೇಳಿಸುವ ನನ್ನ ಹಳೆಯ ಪ್ಲೇಯರನ್ನು ಕಿತ್ತು ಹೊಸದೊಂದನ್ನು ಹಾಕಿಬಿಟ್ಟ. ಹಳೆಯದು ಬೂದು ಬಣ್ಣದ್ದು, ನೋಡಲು ಲಕ್ಷಣವಾಗಿರಲಿಲ್ಲ, ಒಪ್ಪುತ್ತೇನೆ. ಹೊಸದು ಹಾಡಿಗೊಂದು ಚಿತ್ರ ತೋರಿಸುತ್ತಿತ್ತು, ಬಣ್ಣ ಕುಣಿಸುತ್ತಿತ್ತು. ಕುಣಿಯಲಿ, ಯಾರು ಬೇಡವೆಂದರು? ನನಗೆ ಬೇಕಿದ್ದದ್ದು ನಾಟಕದ ತಾಲೀಮಿನ ರೆಕಾರ್ಡಿಂಗ್ ಕೇಳುವುದಷ್ಟೇ.

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದ ಮೇಲೆ ಹವ್ಯಾಸಿ ನಾಟಕದ ತಂಡವೊಂದನ್ನು ಸೇರಿದ್ದೇನೆ. ಈ ಸಲ ನ್ಯಾಯಾಧೀಶೆಯ ಪಾತ್ರ. ಕಿಟಕಿ ಪಕ್ಕದ ಸೀಟಿನ ಜಗಳಕ್ಕೆಲ್ಲ ತೀರ್ಪು ಕೊಟ್ಟವಳಿಗೆ ಅದೇನು ಮಹಾ! ತೊಡಕೆಂದರೆ, ಹಿಂದೆ ಬಂದ ಜ್ವರವೊಂದರಲ್ಲಿ ನನ್ನ ಬಲಗಿವಿ ಪೂರ್ತಿ ಹೋಗಿದೆ. ತಂಡದವರಿಗೆ ಹೇಳಿರಲಿಲ್ಲ. ಹೇಳಿದರೆ ಅಯ್ಯೋ ಪಾಪ ಎಂದು ಪಾತ್ರ ಕಿತ್ತುಕೊಂಡು ಚಹಾ ಹಂಚಲು ಹಾಕುತ್ತಾರೆ.

ರಂಗದ ಮೇಲೆ ವಕೀಲರ ಪಾತ್ರಧಾರಿ ನಿಲ್ಲುವುದು ನನ್ನ ಬಲಕ್ಕೇ. ಅದಕ್ಕೇ ಮನೆಯಲ್ಲಿ ರೆಕಾರ್ಡಿಂಗ್ ಕೇಳಿ ಅವರ ಮಾತನ್ನೂ ಬಾಯಿಪಾಠ ಮಾಡುತ್ತಿದ್ದೆ. ತಾಲೀಮಿನಲ್ಲಿ ಅವರ ತುಟಿ ನೋಡಿಕೊಂಡು ನನ್ನ ಮಾತು ಎತ್ತುತ್ತಿದ್ದೆ.

ಹೊಸ ಪ್ಲೇಯರಿನಲ್ಲಿ ವಕೀಲರೇ ಮಾಯ. "ಸಾಕ್ಷಿ ಎಲ್ಲಿ?" ಎಂದು ನಾನು ಕೇಳುತ್ತೇನೆ, ಆಮೇಲೆ ನಿಶ್ಶಬ್ದ. ರೆಕಾರ್ಡಿಂಗೇ ಕೆಟ್ಟಿದೆ ಎಂದು ಮಗನಿಗೆ ಹೇಳಿದೆ. ಅವನು ನನ್ನ ಹೆಡ್‌ಫೋನ್ ಹಾಕಿಕೊಂಡು ಕೇಳಿದ.

"ವಕೀಲರು ಗಂಟಲು ಹರ್ಕೊಂಡು ಕೂಗ್ತಿದ್ದಾರಲ್ಲಮ್ಮ! ವಯಸ್ಸಾಯ್ತು ನಿಂಗೆ. ನಾಟಕ ಗೀಟಕ ಸಾಕು ಬಿಡು."

ಪಾಠ ಆಗದೆ ತಾಲೀಮಿನಲ್ಲಿ ಮತ್ತೆ ಮತ್ತೆ ತಪ್ಪಿದೆ. ನಿರ್ದೇಶಕರು ಮುಖ ಗಂಟಿಕ್ಕಿದರು. ನಿಜವಾಗಿಯೂ ತಲೆ ಕೆಡುತ್ತಿದೆಯೇನೋ ಎಂದು ಒಳಗೊಳಗೇ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ರೆಕಾರ್ಡಿಂಗ್ ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಮಗ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಅಮ್ಮನ ಕೈಲಿ ಆಗ್ತಿಲ್ಲ ಸಾರ್. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ನನ್ನ ಪಾತ್ರ ಬಿಟ್ಟುಕೊಡಲು ಇವನ್ಯಾರು! ಮೈಯೆಲ್ಲ ಉರಿದುಹೋಯಿತು. ಹೆಡ್‌ಫೋನನ್ನು ಮೇಜಿನ ಮೇಲೆ ಎಸೆದೆ. ಆಗದಿದ್ದರೆ ನನ್ನ ಹೆಸರು ಬದಲಿಸಿ ಎನ್ನುತ್ತಾ ಮತ್ತೆ ಅದನ್ನೇ ಎತ್ತಿ ತಲೆಗೆ ಸಿಕ್ಕಿಸಿಕೊಂಡೆ. ಕೋಪದಲ್ಲಿ ಎಡಬಲ ಅದಲುಬದಲಾಗಿತ್ತು. ವಕೀಲರು ಎಡಗಿವಿಯಲ್ಲಿ ಅಬ್ಬರಿಸಿದರು! ಈಗ ನನ್ನ ದನಿ ಇಲ್ಲ.

ನಾನು ಕೂಗಿದ ರಭಸಕ್ಕೆ ಮಗ, ಸೊಸೆ ಇಬ್ಬರೂ ಓಡಿಬಂದರು. ಆದದ್ದನ್ನು ಹೇಳಿದೊಡನೆ ಸೊಸೆಗೆ ಹೊಳೆಯಿತು.

"ಅಯ್ಯೋ ಅತ್ತೆ, ನಿಮ್ಮ ತಂಡದವರು ನಿಮ್ಮಿಬ್ಬರಿಗೂ ಬೇರೆ ಬೇರೆ ಮೈಕ್ ಇಟ್ಟು ರೆಕಾರ್ಡ್ ಮಾಡ್ತಾರೆ. ನಿಮ್ದು ಒಂದು ಕಡೆ, ವಕೀಲರದ್ದು ಇನ್ನೊಂದು ಕಡೆ. ಹಳೇದ್ರಲ್ಲಿ ಎರಡನ್ನೂ ಸೇರಿಸಿ ಎರಡೂ ಕಿವೀಗೆ ಬರೋ ಹಾಗೆ ಮಾಡಿದ್ವಲ್ಲ!" ಹೊಸದರಲ್ಲಿ ತಡಕಾಡಿದಳು. "ಇದ್ರಲ್ಲಿ ಅದು ಇಲ್ವೇ ಇಲ್ಲ."

ಮಗ ತಲೆ ಕೆರೆದುಕೊಂಡ. "ತಿರುಗಿಸಿ ಹಾಕ್ಕೋಮ್ಮ, ಮುಗೀತು. ಹೊಸದು ಎಷ್ಟು ಚೆನ್ನಾಗಿದೆ."

"ಚೆಂದ ನೀನಿಟ್ಕೋ. ನಂಗೆ ನನ್ನ ಮಾತೂ ಬೇಕು, ವಕೀಲರ ಮಾತೂ ಬೇಕು. ಹಾಕೋ ಹಳೇದನ್ನ!"

"ಹಾಕ್ತೀನಿ. ಆದ್ರೆ ಅಷ್ಟು ಜನರ ಮುಂದೆ ತಪ್ಪಿದ್ರೆ ನಗ್ತಾರಮ್ಮ. ಅದಕ್ಕೇ ಫೋನ್ ಮಾಡಿದ್ದು."

"ನಗ್ಲಿ. ನಕ್ಕಿದ್ದು ಕೇಳಿಸ್ಕೊಳ್ಳೋಕೆ ಒಂದು ಕಿವಿ ಸಾಕು."

ಅವನು ಕುರ್ಚಿ ಎಳೆದುಕೊಂಡು ಹಳೆಯದನ್ನು ಹುಡುಕಿ ಹಾಕಿದ. ಸೊಸೆ ಎರಡೂ ದನಿ ಸೇರಿಸಿಕೊಟ್ಟಳು. ಬಾಯಿಪಾಠ ಮಾಡುತ್ತಾ ಊಟವನ್ನೂ ಕಂಪ್ಯೂಟರಿನ ಮುಂದೆಯೇ ಮಾಡಿದೆ.

ಸಂಜೆ ತಾಲೀಮಿಗೆ ಹೋದರೆ ನಮ್ಮ ತಂಡದಲ್ಲೇ ಇರುವ ಬ್ಯಾಂಕಿನ ಮೇಡಂ ನನ್ನ ಮಾತುಗಳ ಹಾಳೆ ಹಿಡಿದು ಓದುತ್ತಿದ್ದರು. ನಾನು ನೇರವಾಗಿ ಹೋಗಿ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತೆ.

ನಿರ್ದೇಶಕರು ತಡವರಿಸಿದರು. "ಅಲ್ಲ, ನಿಮ್ಮ ಮಗ ಫೋನ್ ಮಾಡಿ..."

"ಪಾತ್ರ ಕೊಟ್ಟಿದ್ದು ನನ್ನ ಮಗನಿಗಲ್ವಲ್ಲ ಸಾರ್. ನನ್ನ ಬಲಗಿವಿ ಕೇಳಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದೆ, ಇನ್ನು ಮುಚ್ಚಿಡಲ್ಲ. ತಲೆ ನೆಟ್ಟಗಿದೆ. ಮಾತು ತಪ್ಪಿದ್ರೆ ಆಗ ಎಬ್ಬಿಸಿ."

ಮರದ ಸುತ್ತಿಗೆ ಎತ್ತಿ ಮೇಜಿಗೆ ಕುಟ್ಟಿದೆ.

"ವಕೀಲರೇ, ಈ ಕಡೆ ಬನ್ನಿ. ನನ್ನ ಎಡಗಡೆಗೆ."

ವಕೀಲರು ನಿರ್ದೇಶಕರ ಮುಖ ನೋಡಿದರು.

"ಅವರನ್ನೇನು ನೋಡ್ತೀರಿ? ಇಲ್ಲಿ ನ್ಯಾಯಾಧೀಶೆ ನಾನು."

ಅವರು ಫೈಲು ಎತ್ತಿಕೊಂಡು ಎಡಗಡೆಗೆ ಬಂದು ನಿಂತರು.