ಕೆಳದನಿಯ ಒಟಿಲಿಯಾ

ಅಕ್ಕ ಹೆರ್ಲಿಂದಾಳ ಶ್ರುತಿ ಇಳಿಯುತ್ತಿದೆ ಎಂಬುದು ಒಟಿಲಿಯಾಳಿಗೆ ಮೊದಲು ಗೊತ್ತಾದದ್ದು ಸಯೂಲದ ಒಂದು ಔತಣದಲ್ಲಿ. ಹಾಡಿನ ಕೊನೆಯ ಸಾಲಿಗೆ ಅಕ್ಕ ಎಂದಿನಂತೆ ಕಣ್ಣು ಮುಚ್ಚಿ ಸ್ವರ ಎಳೆದಳು. ಎಳೆದ ಸ್ವರ ಕೂದಲೆಳೆಯಷ್ಟು ಕೆಳಗೆ ಜಾರಿತು. ಒಟಿಲಿಯಾ ಯೋಚಿಸಲಿಲ್ಲ, ಪಕ್ಕದಲ್ಲಿ ಯಾರೋ ಎಡವಿದರೆ ತಾನೂ ಬಗ್ಗುವ ಹಾಗೆ ಅಷ್ಟೇ ಜಾರಿದಳು. ಎರಡು ದನಿಗಳೂ ಒಂದಕ್ಕೊಂದು ಹೊಂದಿಕೊಂಡೇ ಇದ್ದವು. ಊಟಕ್ಕೆ ಕೂತಿದ್ದವರು ಚಪ್ಪಾಳೆ ತಟ್ಟಿದರು.

ಗ್ವಾದಲಹಾರ ನಗರದ ಸುತ್ತಮುತ್ತ ಹದಿನೆಂಟು ವರ್ಷಗಳಿಂದ ಅರೆಚಿಗಾ ಸೋದರಿಯರ ಹಾಡಿಲ್ಲದೆ ಮದುವೆಗಳು ಕಳೆಗಟ್ಟುತ್ತಿರಲಿಲ್ಲ. ಅಕ್ಕನದು ಮೇಲಿನ ದನಿ, ತಂಗಿಯದು ಕೆಳಗಿನದು. ಜನ ಮನೆಗೆ ಹೋಗುತ್ತ ಗುನುಗುವುದು ಮೇಲಿನ ದನಿಯನ್ನು. ಕೆಳಗಿನದು ಇದ್ದರೂ ಯಾರ ಗಮನಕ್ಕೂ ಬರದು. ಒಟಿಲಿಯಾಳಿಗೆ ಅದರ ಬಗ್ಗೆ ಕೊರಗೂ ಇರಲಿಲ್ಲ. ಹದಿನಾರನೇ ವಯಸ್ಸಿನಿಂದ ಅಕ್ಕನ ಉಸಿರು ನೋಡಿಕೊಂಡೇ ಹಾಡಿದವಳು ಅವಳು.

ಆ ಔತಣದ ನಂತರ ಮಾತ್ರ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎರಡು ನಿಮಿಷಕ್ಕೆ ಎದ್ದು ಕಂಬಿ ಹಿಡಿದು ನಿಲ್ಲುವಳು. ಹಾಡುವ ಮುನ್ನ, ಮೇಳದವರೆಲ್ಲ ತೊಡುವ ಕುದುರೆಸವಾರರ ಬೆಳ್ಳಿ ಗುಂಡಿಯ ಉಡುಪಿನಲ್ಲಿ ಅಂಗಳದ ಉದ್ದಗಲ ಅಳೆಯುವಳು. ಎಡಗಡೆಯಿಂದ ಕರೆದರೆ ಅಕ್ಕ ತಿರುಗುವುದಿಲ್ಲ ಎಂಬುದನ್ನೂ ಅವಳು ಕಂಡುಕೊಂಡಿದ್ದಳು. ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ ಮಾತು ಬೇರೆಲ್ಲಿಗೋ ಹೋಗುತ್ತಿತ್ತು. ಹೀಗೆ ಎರಡು ವರ್ಷ ಅಕ್ಕ ಜಾರಿದಲ್ಲೆಲ್ಲ ತಂಗಿಯೂ ಜಾರಿದಳು.

ಜನರ ಕಿವಿಯನ್ನು ನಂಬಿಸಬಹುದು, ಪಿಟೀಲನ್ನಲ್ಲ. ಸೋದರಿಯರು ಹಾಡುತ್ತಿದ್ದ ಮರಿಯಾಚಿ ವಾದ್ಯಮೇಳದ ಯಜಮಾನ, ಊರವರು ಗೌರವದಿಂದ ಡಾನ್ ಎನ್ನುತ್ತಿದ್ದ ಎಪಿಗ್ಮೆನಿಯೊ, ತಾನೇ ಪಿಟೀಲು ಹಿಡಿಯುವವನು. ತ್ಲಾಕೆಪಾಕೆಯ ತನ್ನ ಮನೆಯಂಗಳದಲ್ಲಿ ಅಭ್ಯಾಸ ಮುಗಿದ ಮೇಲೆ ಒಟಿಲಿಯಾಳನ್ನು ನಿಲ್ಲಿಸಿಕೊಂಡ.

"ನೋಡು ಒಟಿಲಿಯಾ, ಬೇಜಾರು ಮಾಡ್ಕೋಬೇಡ. ಹಾಡು ಮುಗಿಯೋ ಹೊತ್ತಿಗೆ ನೀನು ಕೆಳಗಿಳೀತೀಯ. ನಿಮ್ಮಕ್ಕನ್ನೂ ಎಳ್ಕೊಂಡು ಹೋಗ್ತೀಯ."

"ನಾನಾ?"

"ಮತ್ತಿನ್ನಾರು? ಹೆರ್ಲಿಂದಾದು ಗಂಟೆ ಹೊಡೆದ ಹಾಗಿರೋ ಗಂಟಲು. ತೋನಲಾ ಮದುವೆ ಒಂದು ಆಗ್ಲಿ. ಆಮೇಲೆ ನನ್ನ ಸೋದರ ಸೊಸೆ ನಿನ್ನ ಜಾಗದಲ್ಲಿ ನಿಲ್ತಾಳೆ."

ಒಟಿಲಿಯಾ ಹೊರಬಿದ್ದಳು. ಬಸ್ಸಿಗೂ ಕಾಯದೆ ಮನೆತನಕ ನಡೆದಳು. ಅಕ್ಕ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದಳು.

"ಯಜಮಾನರು ನನ್ನ ಬಿಡಿಸ್ತಾರಂತೆ."

ಹೆರ್ಲಿಂದಾ ತಿರುಗಲಿಲ್ಲ. "ಗೊತ್ತು. ನನ್ನ ಕೇಳಿದ್ರು."

"ನೀನೇನಂದೆ?"

"ಏನನ್ಲಿ? ಎರಡು ವರ್ಷದಿಂದ ನಿನ್ನ ದನಿ ಸರಿಯಿಲ್ಲ ಕಣೇ. ಒಡಹುಟ್ಟಿದೋಳು ಅಂತ ಬಾಯಿ ಮುಚ್ಕೊಂಡಿದ್ದೆ. ಸ್ವಲ್ಪ ದಿನ ಸುಮ್ನೆ ಇರು, ಗಂಟಲು ಸರಿಹೋಗ್ಲಿ."

ನಿನ್ನ ಕಿವಿ ಕೆಟ್ಟಿದೆ ಅಕ್ಕ, ಎನ್ನುವುದು ಒಟಿಲಿಯಾಳ ನಾಲಿಗೆಯ ತುದಿಯಲ್ಲೇ ಇತ್ತು. ಹುರಿದ ಮೆಣಸಿನ ಘಾಟಿಗೆ ಇಬ್ಬರೂ ಕೆಮ್ಮಿದರು, ಅಷ್ಟೇ.

ತೋನಲಾದ ಮದುವೆ ಕುಂಬಾರರ ಮನೆಯದು. ಮಧ್ಯಾಹ್ನದ ಬಿಸಿಲಿಗೆ ಅಂಗಳದ ತುಂಬ ಬಟ್ಟೆ ಕಟ್ಟಿದ್ದರು. ಮಸಾಲೆ ರಸದಲ್ಲಿ ಬೇಯಿಸಿದ ಬಿರಿಯಾ ಮಾಂಸದ ಬೋಗುಣಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಮೂರು ಹಾಡುಗಳವರೆಗೆ ಒಟಿಲಿಯಾ ಎಂದಿನಂತೆ ಅಕ್ಕನ ಹಿಂದೆಯೇ ಹೋದಳು. ನಾಲ್ಕನೆಯದರ ಕೊನೆಯಲ್ಲಿ ಅಕ್ಕ ಕಣ್ಣು ಮುಚ್ಚಿ ಸ್ವರ ಎಳೆದಳು, ಅದು ಜಾರಿತು. ಒಟಿಲಿಯಾ ಈ ಸಲ ಜಾರಲಿಲ್ಲ. ಪಿಟೀಲುಗಳು ಹಿಡಿದ ಸ್ವರದಲ್ಲೇ ತಾನೂ ನಿಂತಳು.

ಎರಡು ದನಿಗಳ ನಡುವೆ ಬಿರುಕು ಬಿಟ್ಟಿತು. ಟ್ರಂಪೆಟ್ಟಿನವನು ಹುಬ್ಬು ಗಂಟಿಕ್ಕಿದ. ಡಾನ್ ಎಪಿಗ್ಮೆನಿಯೊ ಕಮಾನು ಎಳೆಯುತ್ತಲೇ ಕತ್ತು ತಿರುಗಿಸಿ ಒಬ್ಬರಾದ ಮೇಲೊಬ್ಬರ ಬಾಯಿ ನೋಡಿದ. ಅವನ ನೋಟ ಹೆರ್ಲಿಂದಾಳ ಮೇಲೆ ನಿಂತಿತು. ಅದೇ ಹೊತ್ತಿಗೆ ಹೆರ್ಲಿಂದಾ ಕಣ್ಣು ತೆರೆದಳು. ಅವಳಿಗೆ ಸ್ವರ ಕೇಳಿಸಿತೋ ಇಲ್ಲವೋ, ಎದುರು ಕೂತವರ ಮುಖವಂತೂ ಕಂಡಿತು. ಬಾಯಿ ಮುಚ್ಚಿದಳು. ಉಳಿದ ಸ್ವರವನ್ನು ಒಟಿಲಿಯಾ ಒಬ್ಬಳೇ ದಡ ಮುಟ್ಟಿಸಿದಳು.

ಮನೆಗೆ ಮರಳುವ ಗಾಡಿಯಲ್ಲಿ ಅಕ್ಕ ಒಂದೇ ಮಾತು ಕೇಳಿದಳು. "ಎಷ್ಟು ದಿನದಿಂದ?"

"ಎರಡು ವರ್ಷ."

"ಅಷ್ಟು ದಿನ ಹೇಳದೋಳು ಇವತ್ತು ನಾಕು ಜನರ ಮುಂದೆ ಹೇಳಿದ್ಯಲ್ಲೇ."

ಜಾಗ ಉಳಿಸಿಕೊಳ್ಳಲು ಹಾಗೆ ಮಾಡಿದೆನೋ, ನಿಜವನ್ನು ಇನ್ನು ಹೊರಲಾರದೆ ಮಾಡಿದೆನೋ ಎಂದು ಎಷ್ಟು ಕೆದಕಿದರೂ ಒಟಿಲಿಯಾಳಿಗೆ ತಿಳಿಯಲಿಲ್ಲ. ವೈದ್ಯರು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ ಎಂದರು. ಹೆರ್ಲಿಂದಾ ತನ್ನ ಉಡುಪನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಐದು ವಾರ ಅಕ್ಕತಂಗಿಯರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎಂಬುದರಾಚೆ ಮಾತಿರಲಿಲ್ಲ.

ಡಾನ್ ಎಪಿಗ್ಮೆನಿಯೊ ತಪ್ಪೊಪ್ಪಿಕೊಂಡು ಒಟಿಲಿಯಾಳನ್ನೇ ಮೇಲಿನ ದನಿಗೆ ನಿಲ್ಲಿಸಿದ. ಅಕ್ಕನ ಎತ್ತರಕ್ಕೆ ಏರಲು ಹೋಗಿ ಅವಳ ಗಂಟಲು ಕಟ್ಟಿತು. ಮನೆಯಲ್ಲಿ ಅದೇ ಸಾಲನ್ನು ಹತ್ತಾರು ಸಲ ಹಾಡುತ್ತ, ಕೆಮ್ಮುತ್ತ, ಕೋಣೆಯಿಂದ ಕೋಣೆಗೆ ಓಡಾಡಿದಳು. ಒಂದು ಮಧ್ಯಾಹ್ನ ಹೆರ್ಲಿಂದಾಳಿಗೆ ತಡೆಯಲಾಗಲಿಲ್ಲ. ಬಂದು ಬಲಗಿವಿಯನ್ನು ತಂಗಿಯ ಬಾಯಿ ಹತ್ತಿರ ತಂದಳು.

"ಇನ್ನೊಂದ್ಸಲ ಹಾಡು. ಅಯ್ಯೋ, ನನ್ನ ಎತ್ತರದಲ್ಲಿ ಹಾಡಿ ಯಾಕೆ ಸಾಯ್ತೀಯ? ಗಿಟಾರಿನ ಶ್ರುತಿ ನಾಕು ಮನೆ ಕೆಳಗಿಳಿಸೋಕೆ ಹೇಳು ಆ ಮುದುಕಂಗೆ."

"ಅಷ್ಟು ಕೆಳಗೆ ಹಾಡಿದ್ರೆ ಜನ ಕೇಳ್ತಾರಾ?"

"ನಾನೇ ಕೇಳ್ತಿದೀನಿ, ಅರ್ಧ ಕಿವೀಲಿ. ಅವರಿಗೇನು ರೋಗ?"

ಒಟಿಲಿಯಾ ಮೊದಲ ಸಲ ಒಂಟಿಯಾಗಿ ಹಾಡಿದ್ದು ಸಪೋಪಾನಿನ ಚೌಕದಲ್ಲಿ, ಒಂದು ಭಾನುವಾರ. ಹೆರ್ಲಿಂದಾ ಮುಂದಿನ ಸಾಲಿನಲ್ಲಿ ಬಲಗಿವಿ ವೇದಿಕೆಗೆ ಕೊಟ್ಟು ಓರೆಯಾಗಿ ಕೂತಿದ್ದಳು. ಹಿಂದಿನಿಂದ ಯಾರೋ ಕೂಗಿದರು.

"ನಿಮ್ಮಕ್ಕ ಎಲ್ಲಮ್ಮಾ?"

"ಇಲ್ಲೇ ಇದಾಳೆ," ಎಂದಳು ಒಟಿಲಿಯಾ. "ತಪ್ಪು ಹುಡುಕ್ತಾ ಕೂತಿದಾಳೆ."

ಚೌಕವೆಲ್ಲ ನಕ್ಕಿತು. ನಗು ಇಳಿದರೆ ತನ್ನ ಧೈರ್ಯವೂ ಇಳಿದೀತೆಂದು ಅವಳು ಡಾನ್ ಎಪಿಗ್ಮೆನಿಯೊನ ಕಡೆ ತಲೆಯಾಡಿಸಿ, ಆ ಗದ್ದಲದ ನಡುವೆಯೇ ಹಾಡು ಎತ್ತಿಕೊಂಡಳು.