ಅಲುಗದ ನಾಲ್ಕು ಡಿಗ್ರಿ

2025ರ ಅಕ್ಟೋಬರ್ 1, ಬುಧವಾರ, ಮಧ್ಯಾಹ್ನ 2 ಗಂಟೆ 50 ನಿಮಿಷ. ಬೆಟಗೇರಿಯ ಆ ಖಾಸಗಿ ರಕ್ತನಿಧಿಯ ಸರ್ವರ್‌ನಲ್ಲಿ ಒಂದು ಅಕ್ಷರ ಬರೆಯುವಷ್ಟೂ ಜಾಗ ಉಳಿದಿರಲಿಲ್ಲ.

ಸರ್ವರ್ ನೋಡಿಕೊಳ್ಳುವ ಕೈನಾತಳ ಮನಸ್ಸು ಬೆಳಗಿನಿಂದಲೇ ಲಕ್ಷ್ಮೇಶ್ವರದಲ್ಲಿತ್ತು. ತಂಗಿ ಅಫ್ರೀನ ಹೆರಿಗೆಗೆಂದು ಅಲ್ಲಿನ ಆಸ್ಪತ್ರೆ ಸೇರಿದ್ದಳು. ಅವಳ ರಕ್ತ ಓ ನೆಗೆಟಿವ್. ಹುಬ್ಬಳ್ಳಿಯಲ್ಲಿ ವಿಚಾರಿಸಿದರೂ ಸಿಕ್ಕಿರಲಿಲ್ಲ. ಇಲ್ಲಿನ ಫ್ರಿಜ್ಜಿನಲ್ಲಿ ಎರಡು ಚೀಲಗಳನ್ನು ಅವಳಿಗಾಗಿಯೇ ತೆಗೆದಿರಿಸಿದ್ದರು.

ಜಾಗ ಯಾಕೆ ತುಂಬಿತೆಂಬುದನ್ನು ಕೈನಾತ ಬೇಗ ಹಿಡಿದಳು. ಫ್ರಿಜ್ಜಿನ ಮೇಲೆ ಕಣ್ಣಿಡಲೆಂದು ಕಳೆದ ವಾರ ಹೊಸದಾಗಿಸಿದ ತಂತ್ರಾಂಶ ತಾನು ಮಾಡುವ ಸಣ್ಣಪುಟ್ಟದ್ದನ್ನೆಲ್ಲ ಲಾಗ್ ಕಡತದಲ್ಲಿ ಬರೆಯುತ್ತಿತ್ತು. ಕಡತ ಉಬ್ಬಿ ಡಿಸ್ಕನ್ನು ನುಂಗಿತ್ತು. ಅದನ್ನು ಅಳಿಸಿ ಮತ್ತೆ ನೋಡಿದಳು. ಉಳಿದ ಜಾಗ ಸೊನ್ನೆ.

ಅಳಿಸಿದಾಗ ಹೋಗುವುದು ಕಡತದ ಹೆಸರು ಮಾತ್ರ. ತಂತ್ರಾಂಶ ಅದನ್ನು ತೆರೆದಿಟ್ಟುಕೊಂಡಿರುವ ತನಕ ಜಾಗ ಬಿಡುಗಡೆಯಾಗದು. ತಂತ್ರಾಂಶವನ್ನೊಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಬೇಕು. ಅದಕ್ಕೆ ವ್ಯವಸ್ಥಾಪಕ ಹುಚ್ಚೀರಪ್ಪನ ಪಾಸ್‌ವರ್ಡ್ ಬೇಕು.

"ಇವತ್ತ ಆಗೂದಿಲ್ಲವ್ವಾ," ಎಂದ ಹುಚ್ಚೀರಪ್ಪ, ಕೈಯಲ್ಲಿದ್ದ ಪ್ರಸಾದದ ತಟ್ಟೆ ಕೆಳಗಿಡುತ್ತ. "ಮುಂಜಾನಿ ಖಂಡೇಪೂಜಿ ಮಾಡೇವಿ. ನಡಿಯೂ ಮಷಿನ್ ಬಂದ್ ಮಾಡಬಾರದು. ನಾಳಿ ಬನ್ನಿ ಕೊಟ್ಟ ಮ್ಯಾಲ ಬೇಕಾದ್ದ ಮಾಡು."

"ಸರ, ಒಳಗ ಜಾಗಾನ ಇಲ್ರಿ."

"ನಮ್ಮ ಮನ್ಯಾಗೂ ಇಲ್ಲ. ಹಬ್ಬಕ್ಕ ಮೂರು ಮಂದಿ ಅಳಿಯಂದ್ರು ಬಂದು ಕುಂತಾರ. ಅವರನ್ನೂ ಅಳಿಸಿ ಕೊಡ್ತಿ ಏನು?"

ಕೈನಾತ ನಕ್ಕಳು. ಸರ್ವರ್ ಮೇಲೆ ಆಯುಧಪೂಜೆಯ ಕುಂಕುಮ, ಚೆಂಡುಹೂವು. ಎರಡನೇ ಸಲ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವರ ಪೂಜೆ ಕೆಡಿಸಿದವಳು ಎನಿಸಿಕೊಳ್ಳುವುದು ಬೇಡವಾಗಿತ್ತು.

ಅಷ್ಟರಲ್ಲಿ ಅಫ್ರೀನಳ ಗಂಡ ಖಲೀಲನ ಫೋನು. ಮಗು ಹುಟ್ಟಿದೆ, ರಕ್ತ ನಿಲ್ಲುತ್ತಿಲ್ಲ. ಎರಡೂ ಚೀಲ ಕೂಡಲೇ ಬೇಕಂತೆ. ಒಯ್ಯಲು ಅವನು ಬೈಕಿನಲ್ಲಿ ಹೊರಟು, ಮುಳಗುಂದ ದಾಟಿ ಬೆಟಗೇರಿಯ ಹತ್ತಿರ ಬಂದಿದ್ದ.

"ಅಂಜಬ್ಯಾಡ," ಹುಚ್ಚೀರಪ್ಪ ಗೋಡೆಯ ಪರದೆ ತೋರಿಸಿದ. ಫ್ರಿಜ್ಜಿನ ಸ್ವಂತ ಅಂಕಿಫಲಕ ಕೆಟ್ಟಮೇಲೆ ಎಲ್ಲರೂ ನೋಡುವುದು ಆ ಪರದೆಯನ್ನೇ. "ರಕ್ತ ಛಲೋ ಐತಿ. ನೋಡಲ್ಲಿ, ನಾಕ ಡಿಗ್ರಿ. ಮುಂಜಾನಿಯಿಂದ ಒಂಚೂರೂ ಅಲುಗಿಲ್ಲ."

ಕೈನಾತಳ ಕಣ್ಣು ಆ ಅಂಕಿಯ ಮೇಲೆ ನಿಂತಿತು.

ಫ್ರಿಜ್ ಉಸಿರಾಡುತ್ತದೆ. ಕಂಪ್ರೆಸರ್ ಶುರುವಾದಾಗ 3.6ಕ್ಕೆ ಇಳಿಯುತ್ತದೆ, ನಿಂತಾಗ 4.5ಕ್ಕೆ ಏರುತ್ತದೆ. ಅಲುಗದ ಮುಳ್ಳನ್ನು ಕಂಡರೆ ಮೊದಲು ಉಪಕರಣವನ್ನೇ ಅನುಮಾನಿಸಬೇಕೆಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತವಳು ಅವಳು. ಪರದೆಯ ಹತ್ತಿರ ಹೋಗಿ ಅಂಕಿಯ ಕೆಳಗಿನ ಸಣ್ಣ ಅಕ್ಷರ ಓದಿದಳು. ಕೊನೆಯ ದಾಖಲೆ: 11.26.

ಡಿಸ್ಕ್ ತುಂಬಿದ ಹೊತ್ತು ಅದು. ಆಮೇಲಿನ ಅಂಕಿಗಳನ್ನು ಬರೆಯಲು ಜಾಗವಿರಲಿಲ್ಲ. ಪರದೆ ಹಳೆಯದನ್ನೇ ತೋರಿಸುತ್ತ ಉಳಿದಿತ್ತು. ಎಚ್ಚರಿಕೆಯ ಗಂಟೆ ಬಾರಿಸಬೇಕಾದದ್ದೂ ಅದೇ ತಂತ್ರಾಂಶ.

"ಸರ, ಹನ್ನೊಂದೂವರಿ ಮ್ಯಾಲ ಕರೆಂಟ್ ಹೋಗಿತ್ತೇನ್ರಿ?"

"ಮಂಗಳಾರತಿ ಹೊತ್ತಿನ್ಯಾಗ ಹೋಗಿತ್ತಲ್ಲ. ಜಲ್ದಿ ಬಂತು."

"ಸರ್ವರ್‌ಗೆ ಬ್ಯಾಟರಿ ಐತ್ರಿ, ಫ್ರಿಜ್ಜಿಗಿಲ್ಲ. ಅದು ಮತ್ತ ಚಾಲೂ ಆತೇನ್ರಿ?"

ಹುಚ್ಚೀರಪ್ಪ ಗೋಡೆಯತ್ತ ನೋಡಿದ. ಆರು ಡಿಗ್ರಿ ದಾಟಿದರೆ ಗಂಟೆ ಬಾರಿಸಬೇಕು, ಹತ್ತು ದಾಟಿದರೆ ಆ ರಕ್ತವನ್ನು ಯಾರಿಗೂ ಕೊಡುವಂತಿಲ್ಲ. ಆ ನಿಯಮವನ್ನು ಗೋಡೆಗೆ ಅಂಟಿಸಿದವನೇ ಅವನು. ಕುಂಕುಮದ ಬೆರಳುಗಳಿಂದಲೇ ಪಾಸ್‌ವರ್ಡ್ ಒತ್ತಿದ. ತಪ್ಪಾಯಿತು. ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ.

ಕೈನಾತ ತಂತ್ರಾಂಶವನ್ನು ನಿಲ್ಲಿಸಿ ಶುರುಮಾಡಿದಳು. ಡಿಸ್ಕಿನಲ್ಲಿ ಜಾಗ ಒಮ್ಮೆಲೇ ತೆರೆದುಕೊಂಡಿತು. ಹೊರಗೆ ಬೈಕ್ ನಿಂತ ಸದ್ದಾಯಿತು. ಖಲೀಲ ಅವಳ ಹೆಸರು ಕೂಗುತ್ತ ಮೆಟ್ಟಿಲೇರುತ್ತಿದ್ದ. ಅವಳು ತಿರುಗಲಿಲ್ಲ.

ಪರದೆ ಖಾಲಿಯಾಗಿ ಮತ್ತೆ ಬೆಳಗಿತು. ಫ್ರಿಜ್ಜಿನೊಳಗಿನ ಉಷ್ಣತೆ 13.8 ಡಿಗ್ರಿ ಸೆಲ್ಸಿಯಸ್.