ಜೇಬು ಹೊಲಿಸಿಕೊಂಡವನು

ನನ್ನ ಗೆಳೆಯ ಪಂಚಾಕ್ಷರಪ್ಪ ಮನುಷ್ಯರ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದ. ದಾವಣಗೆರೆಯ ಅವನ ಗೋಣಿಚೀಲದ ಅಂಗಡಿಗೆ ಯಾರೇ ಬರಲಿ, ಅವರು ಮೆಟ್ಟಿಲು ಹತ್ತುವುದನ್ನು ಕೂತಲ್ಲಿಂದಲೇ ಗಮನಿಸಿ, ‘ಎಡಗಾಲು ಎಳೀತೀರಲ್ರಿ, ಯಾವಾಗಿಂದ?’ ಎಂದು ಕೇಳಿದ ಮೇಲೆಯೇ ಉಳಿದ ಕ್ಷೇಮಸಮಾಚಾರ. ಲೋಕಿಕೆರೆಯಲ್ಲಿ ಅವನ ತಂದೆ ಎತ್ತು ಕೊಳ್ಳುವಾಗ ಕೊಂಬು, ಬಣ್ಣ ಯಾವುದನ್ನೂ ವಿಚಾರಿಸದೆ, ಅದನ್ನು ತಮ್ಮಿಂದ ದೂರ ನಡೆಸಿ ಹಿಂದಿನಿಂದ ನೋಡುತ್ತಿದ್ದರಂತೆ. ಆ ಕಣ್ಣು ಮಗನಿಗೂ ಬಂದಿತ್ತು. ಹರಿಹರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ನಿಂತು ಪಾಠ ಹೇಳಿದ ನನ್ನ ಮಂಡಿ ಸವೆದಿದ್ದನ್ನು ನನಗಿಂತ ಮೊದಲು ಕಂಡವನು ಅವನೇ.

ಅವನ ಇನ್ನೊಂದು ಗುರುತು ಕೋಟು. ಕತ್ತಿನವರೆಗೆ ಗುಂಡಿಯಿದ್ದ ಆ ಕಂದು ಕೋಟನ್ನು ಏಪ್ರಿಲ್ ಬಿಸಿಲಿನಲ್ಲೂ ಬಿಡುತ್ತಿರಲಿಲ್ಲ. ಅದರ ಎರಡೂ ಜೇಬುಗಳಲ್ಲಿ ಒಣಕೊಬ್ಬರಿ, ಬೆಲ್ಲ, ಹುರಿಗಡಲೆ. ಎದುರಿಗಿದ್ದವರ ಅಂಗೈಗೆ ಏನಾದರೂ ಬೀಳದೆ ಅವನ ಮಾತು ಮುಗಿಯುತ್ತಿರಲಿಲ್ಲ. ಜಗಳವಾಡುವಾಗಲೂ ಕೊಡುತ್ತಿದ್ದ.

ದಾವಣಗೆರೆ ಜಿಲ್ಲೆಯಾದ ಮರುವರ್ಷ, ತೊಂಬತ್ತೆಂಟರ ಸಂಕ್ರಾಂತಿಯ ಹೊತ್ತಿಗೆ, ಎರಡು ತಿಂಗಳ ಅಲ್ಸೇಷನ್ ಮರಿಯೊಂದನ್ನು ತಂದ. ಗೋದಾಮಿನ ಕಾವಲಿಗೆಂದು ಬಂದದ್ದು ಮನೆಯೊಳಗೇ ಉಳಿಯಿತು. ಸುಬೇದಾರ ಎಂದು ಹೆಸರಿಟ್ಟ. ಅವನ ಹೆಂಡತಿ ನಿರ್ಮಲಮ್ಮ ಮೊದಲು ಮೂಗು ಮುರಿದರೂ ಎರಡೇ ವಾರದಲ್ಲಿ ಅದರ ಅನ್ನಕ್ಕೆ ಬೆಣ್ಣೆ ಕಲೆಸತೊಡಗಿದರು. ದೊಡ್ಡ ಜಾತಿಯ ನಾಯಿ, ಎಲುಬು ಗಟ್ಟಿಯಾಗಬೇಕು ಎಂದು ಇವನು ಔಷಧದಂಗಡಿಯಿಂದ ಕ್ಯಾಲ್ಸಿಯಂ ಟಾನಿಕ್ ತಂದು ಬೆಳಿಗ್ಗೆ ಸಂಜೆ ಕುಡಿಸಿದ. ಬೆಳೆಯುವ ಜೀವ ಎಂದರೆ ತಿನ್ನಿಸಬೇಕಾದ ಜೀವ. ಆ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ನಾಲ್ಕೂವರೆ ತಿಂಗಳಿಗೆ ಮರಿ ದಿಂಬಿನಷ್ಟು ದುಂಡಗಾಯಿತು.

ಓಡುವಾಗ ಅದು ಹಿಂಗಾಲೆರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ನೋಡಿದವರೆಲ್ಲ ನಗುತ್ತಿದ್ದರು. ನಾನೂ ನಕ್ಕೆ. ಅವನು ನಗಲಿಲ್ಲ.

‘ಲೇ ಮೇಷ್ಟ್ರೇ, ಹಿಂದಿಂದ ನೋಡೋ. ಸೊಂಟ ತೂಗಾಡ್ತೈತೆ. ನಾಯಿ ಹಿಂಗೆ ಓಡಬಾರ್ದು.’

ಪಶುವೈದ್ಯರು ಮರಿಯನ್ನು ಮಲಗಿಸಿ ಅದರ ತೊಡೆಯನ್ನು ಮೆಲ್ಲನೆ ಒಳಕ್ಕೂ ಹೊರಕ್ಕೂ ತಿರುಗಿಸಿದರು. ‘ಸೊಂಟದ ಕೀಲು ಸಡಿಲ ಐತ್ರಿ. ಬೆಳೀತಾ ಬಲಿಯಬೌದು. ಇಲ್ಲಾ ಸವೆದು ಕುಂಟಬೌದು. ಈಗ್ಲೇ ಹೇಳಾಕೆ ಬರಲ್ಲ, ಒಂದೂವರೆ ವರ್ಷಕ್ಕೆ ಎಕ್ಸ್‌ರೇ ತೆಗ್ಸಾಣ.’

‘ಅಲ್ಲೀ ತನ್ಕ?’

‘ಟಾನಿಕ್ ಇವತ್ತೇ ನಿಲ್ಸಿ. ಬೆಣ್ಣೆ ಬ್ಯಾಡ. ಮೈ ಬೇಗ ಬೆಳೆದಷ್ಟೂ ಕೀಲಿಗೆ ಕೇಡು. ಸವರಿದ್ರೆ ಪಕ್ಕೆಲುಬು ಕೈಗೆ ಸಿಗ್ಬೇಕು. ಮೆಟ್ಲು, ಜಿಗಿತ, ಜಾರೋ ನೆಲ, ಯಾವ್ದೂ ಬ್ಯಾಡ. ನೀರಲ್ಲಿ ಈಜಾಡಿಸ್ರಿ, ಒಳ್ಳೇದು.’

‘ನಮ್ಮನೆ ನಾಯಿ ಪಕ್ಕೆಲುಬು ಬಿಟ್ಕಂಡು ತಿರುಗಿದ್ರೆ ಜನ ಏನಂದಾರು?’

‘ಕುಂಟಿದ್ರೆ ಏನಂತಾರೆ, ಅದನ್ನ ಯೋಚ್ನೆ ಮಾಡ್ರಿ ಸಾವ್ಕಾರ್ರೆ.’

ಆಮೇಲಿನ ಒಂದು ವರ್ಷ ಅವನು ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಲಿಲ್ಲ. ತಾನೇ ಕುಡಿಸಿದ ಟಾನಿಕ್ಕಿನ ನೆನಪು ಅವನನ್ನು ಕೊರೆಯುತ್ತಿತ್ತು. ಕನ್ನಡಿಯಂತೆ ಹೊಳೆಯುತ್ತಿದ್ದ ಪಡಸಾಲೆಯ ಕಪ್ಪುಕಲ್ಲಿನ ನೆಲದ ಮೇಲೆ ಗೋಣಿಚೀಲಗಳನ್ನು ಅಂಚಿಗೆ ಅಂಚು ಹೊಲಿಸಿ ಹಾಸಿದ. ಮನೆಯೆಲ್ಲ ಸೆಣಬಿನ ವಾಸನೆ. ‘ಸಂತೆಗೆ ಬಂದಂಗೈತಲ್ಲೋ’ ಎಂದು ನೆಂಟರು ಹಂಗಿಸಿದರೆ ಅವರ ಕಾಲಷ್ಟೇ ನೋಡುತ್ತಿದ್ದ. ಮನೆಯ ಮುಂದಿನ ಐದು ಮೆಟ್ಟಿಲುಗಳನ್ನು ಮರಿ ಮುಟ್ಟಬಾರದೆಂದು ದಿನಕ್ಕೆ ನಾಲ್ಕು ಬಾರಿ ತಾನೇ ಅದನ್ನು ಎದೆಗವಚಿಕೊಂಡು ಇಳಿಸುವನು, ಏರಿಸುವನು. ಇಳಿಜಾರಾಗಿ ಹಲಗೆ ಹಾಕಿಸೆಂದೆ. ಅದರಿಂದ ಜಿಗಿದೀತು ಎಂದು ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಅವನೂ ನಾಯಿಯೂ ಹಿದಾಯತನ ಲಗೇಜ್ ಆಟೋದಲ್ಲಿ ನನ್ನೂರು ಹರಿಹರಕ್ಕೆ ಬರುತ್ತಿದ್ದರು. ಹಿದಾಯತ್ ಅಂಗಡಿಯ ಚೀಲ ಸಾಗಿಸುವವನು, ಒಳ್ಳೆಯ ಈಜುಗಾರ. ಅವನು ಸುಬೇದಾರನನ್ನು ತುಂಗಭದ್ರೆಯಲ್ಲಿ ಈಜಿಸುವಾಗ ಈಜು ಬಾರದ ಪಂಚಾಕ್ಷರಪ್ಪ ಪಂಚೆ ಎತ್ತಿ ಕಟ್ಟಿ, ಕೋಟು ತೊಟ್ಟುಕೊಂಡೇ, ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತಿದ್ದ. ‘ಭಾರ ನೀರು ಹೊರ್ತೈತೆ, ಕಾಲಿಗೆ ಬರೀ ಕಸರತ್ತು’ ಎಂದು ನನಗೆ ಹೇಳುತ್ತಿದ್ದ. ದನಿಯಲ್ಲಿ ಮಾತ್ರ ಪ್ರಶ್ನೆಯಿರುತ್ತಿತ್ತು.

ಪ್ರತಿ ಸೋಮವಾರ ಅಂಗಡಿಯ ತೂಕದ ಕಾಟಾದ ಮೇಲೆ ನಾಯಿಯನ್ನು ನಿಲ್ಲಿಸುವನು. ವೈದ್ಯರು ಹೇಳಿದ್ದಕ್ಕಿಂತ ಯಾವಾಗಲೂ ಎರಡು ಕಿಲೋ ಹೆಚ್ಚು. ಒಂದು ಭಾನುವಾರ ನದಿಯಿಂದ ನಾವೆಲ್ಲ ಅವನ ಮನೆಗೆ ಹೋಗಿದ್ದಾಗ ಹೆಂಡತಿಯ ಮೇಲೆ ರೇಗಿಬಿಟ್ಟ.

‘ನೀನೇ ಕದ್ದು ಬೆಣ್ಣೆ ಹಾಕ್ತಿ.’

‘ಲಿಂಗ ಮುಟ್ಟಿ ಹೇಳ್ತೀನ್ರಿ, ಒಂದು ಚಮಚ ಹಾಕಿಲ್ಲ. ಅದು ನನ್ನ ಮಖ ನೋಡೋದು ತಡಿಲಾರ್ದೆ ನಾನೇ ಅಡುಗೆಮನೆ ಬಾಗ್ಲು ಹಾಕ್ಕಂಡು ಉಣ್ತೀನಿ.’

ಬಾಗಿಲಲ್ಲಿ ಕೂತಿದ್ದ ಹಿದಾಯತ್ ನಗತೊಡಗಿದ. ‘ಅಮ್ಮಾರನ್ನ ಯಾಕ ಬೈತೀರಿ ಸಾವ್ಕಾರ್ರೆ? ನಿಮ್ಮ ಕೈ ಎಲ್ಲೈತೆ ನೋಡ್ಕಳ್ರಿ.’

ನೋಡಿದೆವು. ಬಲಗೈ ನಾಯಿಯ ಬಾಯಿಯ ಬಳಿ ಇತ್ತು, ಬೆರಳ ನಡುವೆ ಕೊಬ್ಬರಿ. ತನ್ನ ಕೈ ಬೇರೆ ಯಾರದೋ ಎಂಬಂತೆ ಪಂಚಾಕ್ಷರಪ್ಪ ಅದನ್ನು ನೋಡಿಕೊಂಡ. ನಿರ್ಮಲಮ್ಮ, ‘ಈಗ ಇವ್ರಿಗೆ ಯಾವ ಬಾಗ್ಲು ಹಾಕೋಣ?’ ಎಂದರು.

ಮರುದಿನ ಕೋಟಿನ ಎರಡೂ ಜೇಬುಗಳ ಬಾಯನ್ನು ದಪ್ಪ ದಾರದಿಂದ ಹೊಲಿಸಿಕೊಂಡ. ಆಮೇಲೆ ಯಾರು ಎದುರಾದರೂ ಅವನ ಕೈ ಜೇಬಿನತ್ತ ಹೋಗುತ್ತಿತ್ತು, ಹೊಲಿಗೆಯನ್ನು ಒಮ್ಮೆ ಸವರಿ ಬರಿದಾಗಿ ಇಳಿಯುತ್ತಿತ್ತು. ಅಷ್ಟು ಸಂಕಟದ ಕೈಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸುಬೇದಾರ ತೆಳ್ಳಗಾದ.

ತೊಂಬತ್ತೊಂಬತ್ತರ ಯುಗಾದಿಗೆ ಹೋದಾಗ ಅವನು ಮೂವತ್ತು ಕಿಲೋದ ನಾಯಿಯನ್ನು ಹೊತ್ತು ಮೂರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಿದ್ದ. ಹಿಂದೆ ಬಂದು ನಿಂತ ನನ್ನತ್ತ ತಿರುಗಿದಾಗ ಹಣೆಯಲ್ಲಿ ಬೆವರು. ‘ಏನಾಯ್ತೋ?’ ಎಂದೆ. ‘ನಂಗೇನಾಗೈತೆ? ಮಗ ಭಾರ ಆಗ್ಯಾನೆ’ ಎಂದ. ನಾನು ನಂಬಿದೆ. ನಾಯಿಯ ಹಿಂಗಾಲು ನೋಡಿ, ಹೇಗಿದೆ ಎಂದು ವಿಚಾರಿಸಿ ಒಳಗೆ ಹೋದೆ.

ಏಪ್ರಿಲ್‌ನಲ್ಲಿ, ಎಕ್ಸ್‌ರೇಗೆ ಮೂರು ವಾರವಿರುವಾಗ, ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಐವತ್ತೆಂಟು ವರ್ಷ. ಆ ಮೂರು ವಾರ ಹಿದಾಯತ್ ಬಂದು ನಾಯಿಯನ್ನು ಇಳಿಸಿ ಏರಿಸಿದ.

ಎಕ್ಸ್‌ರೇಗೆ ನಿರ್ಮಲಮ್ಮ, ಹಿದಾಯತ್, ನಾನು ಮೂವರೂ ಹೋದೆವು. ವೈದ್ಯರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಕೀಲುಗಳ ಮೇಲೆ ಬೆರಳಾಡಿಸಿದರು. ‘ಬಲಗಡೆ ಚಲೋ ಐತೆ. ಎಡಗಡೆ ಕೀಲಿನ ಗುಳಿ ಆಳ ಕಮ್ಮಿ. ಆದ್ರೆ ಎಲುಬು ಒಳಗೇ ಕೂತೈತೆ. ಹಿಂಗೇ ತೆಳ್ಳಗಿಟ್ರೆ ಓಡಾಡ್ಕಂಡು ಇರ್ತಾನೆ. ನಿಧಾನಕ್ಕೆ ಮೆಟ್ಲೂ ಹತ್ಲಿ.’

‘ಇನ್ನೊಂದ್ಸಲ ನೋಡ್ರಿ ಡಾಕ್ಟ್ರೆ’ ಎಂದರು ನಿರ್ಮಲಮ್ಮ, ‘ಅವ್ರು ಕೇಳ್ತಾರೆ.’ ಹೇಳಿದ ಮೇಲೆ ಸೆರಗು ಬಾಯಿಗೊತ್ತಿಕೊಂಡರು.

ಮನೆಯ ಮುಂದೆ ಸುಬೇದಾರ ಮೊದಲ ಮೆಟ್ಟಿಲ ಬಳಿ ನಿಂತು ಎತ್ತಿಕೊಳ್ಳುವವರಿಗಾಗಿ ಕಾದ. ಹಿದಾಯತ್ ಬಗ್ಗಿದ. ‘ಬ್ಯಾಡ, ಹತ್ಲಿ ಬಿಡು’ ಎಂದರು ನಿರ್ಮಲಮ್ಮ. ನಾಯಿ ಒಂದೊಂದೇ ಮೆಟ್ಟಿಲು ಮೂಸುತ್ತ ಹತ್ತಿತು. ನಾನು ಹಿಂದಿನಿಂದ ನೋಡುತ್ತಿದ್ದೆ. ಎಡಗಾಲು ಚೂರು ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು.

ಕೊಟ್ಟೇ ಪ್ರೀತಿಸಿ ಅಭ್ಯಾಸವಾದವರು ಕೊಡದೆ ಪ್ರೀತಿಸುವುದನ್ನು ಕಲಿಯಬೇಕಾದಾಗ ಅವರಿಗಾಗುವ ನೋವು ಹೊರಗೆ ಕಾಣುವುದಿಲ್ಲ, ಅವರೂ ತೋರಿಸುವುದಿಲ್ಲ. ಎಲ್ಲರ ನಡಿಗೆಯನ್ನೂ ಹಿಂದೆ ನಿಂತು ಕಾಯುವ ಇಂಥವರ ಹಿಂದೆ ಸಾಮಾನ್ಯವಾಗಿ ಯಾರೂ ನಿಂತಿರುವುದಿಲ್ಲ. ಆ ಯುಗಾದಿಯ ದಿನ ನಾನು ನಿಂತಿದ್ದೆ. ನಾಯಿಯ ಕಾಲನ್ನಷ್ಟೇ ನೋಡಿದೆ.